ಅಳುವ ಮಗುವನ್ನು ಎತ್ತಿಕೊಂಡರೆ ಹಟ ಜಾಸ್ತಿ ಆಗುತ್ತಾ?

[ದೃಶ್ಯ: ಅರ್ಧ ಉಂಡ ತಟ್ಟೆ. ಒಳಕೋಣೆಯಿಂದ ಮಗುವಿನ ಅಳು.]

ನಮಸ್ಕಾರ. ನಮ್ಮಕ್ಕನ ಬಾಣಂತನದ ದಿನಗಳು. ಊಟಕ್ಕೆ ಕೂತಿದ್ದಳು, ತೊಟ್ಟಿಲಲ್ಲಿ ಮಗು ಅಳೋಕೆ ಶುರು ಮಾಡಿತು. ಎಂಜಲು ಕೈಯಲ್ಲೇ ಎದ್ದಳು. ಪಕ್ಕದಲ್ಲಿದ್ದ ಅತ್ತೆ, "ಸ್ವಲ್ಪ ಅಳಲಿ ಬಿಡಮ್ಮ. ಹೀಗೆ ಎತ್ತಿ ಎತ್ತಿ ಅಭ್ಯಾಸ ಮಾಡಿದ್ರೆ ಆಮೇಲೆ ಕೆಳಗೇ ಇಳಿಯಲ್ಲ" ಅಂದರು. ಅಕ್ಕ ಮತ್ತೆ ಕೂತಳು. ತುತ್ತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಈ ಮಾತನ್ನು ನೀವೂ ಕೇಳಿರುತ್ತೀರಿ, ಅಲ್ವಾ? ಇದಕ್ಕೆ ಉತ್ತರ ಹುಡುಕಬೇಕಾದರೆ ಮೇರಿ ಏನ್ಸ್‌ವರ್ತ್ ಅವರ ಕೆಲಸ ನೋಡಬೇಕು.

[ದೃಶ್ಯ: ಉಗಾಂಡಾದ ನಕ್ಷೆ, ಕಂಪಾಲಾ.]

ಏನ್ಸ್‌ವರ್ತ್ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಓದಿದ ಮನಶ್ಶಾಸ್ತ್ರಜ್ಞೆ. 1954ರಲ್ಲಿ ಗಂಡನ ಕೆಲಸದ ಕಾರಣಕ್ಕೆ ಉಗಾಂಡಾಕ್ಕೆ ಹೋದರು. ಅಲ್ಲಿ ಎದೆಹಾಲು ಬಿಡಿಸುವಾಗ ಮಗುವನ್ನು ತಾಯಿಯಿಂದ ದೂರ ಕಳಿಸುವ ಪದ್ಧತಿ ಇದೆ ಅಂತ ಕೇಳಿದ್ದರು. ಅದನ್ನೇ ಅಧ್ಯಯನ ಮಾಡೋಣ ಅಂತ ಹೊರಟರೆ, ಆ ಪದ್ಧತಿ ಆಗಲೇ ಹೆಚ್ಚುಕಡಿಮೆ ನಿಂತುಹೋಗಿತ್ತು! ಅವರು ಕೈಚೆಲ್ಲಲಿಲ್ಲ. ಕಂಪಾಲಾ ಸುತ್ತಮುತ್ತಲಿನ ಹಳ್ಳಿಗಳ 26 ಮನೆಗಳಿಗೆ ಎರಡು ವಾರಕ್ಕೊಮ್ಮೆ ಹೋಗಿ, ನೆಂಟರು ಬಂದರೆ ಕೂರಿಸುವ ಜಾಗದಲ್ಲಿ ಕೂತು, ದುಭಾಷಿಯ ಮೂಲಕ ಮಾತಾಡುತ್ತಾ ಮಕ್ಕಳನ್ನು ನೋಡಿದರು.

ಒಂದು ದೃಶ್ಯ ಮತ್ತೆ ಮತ್ತೆ ಕಂಡಿತು. ಮಗು ಅಂಬೆಗಾಲಿಟ್ಟು ಸ್ವಲ್ಪ ದೂರ ಹೋಗುತ್ತದೆ, ಏನೋ ಮುಟ್ಟಿ ನೋಡುತ್ತದೆ, ತಿರುಗಿ ಅಮ್ಮ ಇದ್ದಾಳಾ ಅಂತ ನೋಡುತ್ತದೆ, ಮತ್ತೆ ಮುಂದೆ ಹೋಗುತ್ತದೆ. ಅಮ್ಮ ಇದ್ದಾಳೆ ಅನ್ನೋ ಧೈರ್ಯದ ಮೇಲೆ ಆ ಓಡಾಟ. ನನಗೆ ತುಂಬಾ ಇಷ್ಟವಾದ ಇನ್ನೊಂದು ಸಂಗತಿ: ಯಾವ ತಾಯಂದಿರು ತಮ್ಮ ಮಗುವಿನ ಸಣ್ಣಸಣ್ಣ ವಿಷಯವನ್ನೂ ಬಾಯಿ ತುಂಬಾ ಹೇಳುತ್ತಿದ್ದರೋ, ಅವರ ಮಕ್ಕಳೇ ಹೆಚ್ಚು ನಿರಾಳವಾಗಿದ್ದರು.

[ದೃಶ್ಯ: ಬಾಲ್ಟಿಮೋರ್ ನಗರ, 1960ರ ದಶಕ.]

ಆಮೇಲೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದಾಗ ಬಾಲ್ಟಿಮೋರ್‌ನ 26 ಕುಟುಂಬಗಳನ್ನು ನೋಡಿದರು. ಮಗು ಹುಟ್ಟಿದ ಮೂರು ವಾರದಿಂದ 54ನೇ ವಾರದವರೆಗೆ, ಮೂರು ವಾರಕ್ಕೊಮ್ಮೆ ಮನೆಭೇಟಿ. ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ. ಲೆಕ್ಕ ಹಾಕಿ, ಒಂದೊಂದು ಮನೆಯಲ್ಲಿ 72 ಗಂಟೆ!

ಮಗು ಅತ್ತಾಗ ತಾಯಿ ಬಂದಳಾ, ಎಷ್ಟು ಹೊತ್ತಿಗೆ ಬಂದಳು, ಎಲ್ಲ ಬರೆದಿಟ್ಟರು. 1972ರಲ್ಲಿ ಸಿಲ್ವಿಯಾ ಬೆಲ್ ಜೊತೆ ಪ್ರಕಟಿಸಿದ ಫಲಿತಾಂಶ ಅತ್ತೆಯವರ ಮಾತಿಗೆ ಉಲ್ಟಾ. ಬೇಗ ಓಗೊಟ್ಟ ತಾಯಂದಿರ ಮಕ್ಕಳು ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದರು. ಕೈಸನ್ನೆ, ಮುಖಭಾವ, ಬೇರೆ ಬೇರೆ ಸದ್ದುಗಳಲ್ಲಿ ಬೇಕಾದ್ದನ್ನು ತಿಳಿಸುತ್ತಿದ್ದರು.

ಈ ಮಕ್ಕಳಿಗೆ ಒಂದು ವರ್ಷವಾದಾಗ ಇನ್ನೊಂದು ಪರೀಕ್ಷೆ. ಆಟಿಕೆ ಇರುವ ಅಪರಿಚಿತ ಕೋಣೆ. ಸುಮಾರು ಇಪ್ಪತ್ತು ನಿಮಿಷದಲ್ಲಿ ಅಮ್ಮ ಎರಡು ಸಲ ಹೊರಗೆ ಹೋಗಿ ವಾಪಸ್ ಬರುತ್ತಾಳೆ. ಅಮ್ಮ ಹೋದಾಗ ಮಗು ಅತ್ತಿತಾ ಅನ್ನುವುದಕ್ಕಿಂತ, ಬಂದಾಗ ಏನು ಮಾಡಿತು ಅನ್ನುವುದೇ ಮುಖ್ಯ. ಕೆಲವು ಮಕ್ಕಳು ಓಡಿಬಂದು ಅಪ್ಪಿ, ಸಮಾಧಾನವಾಗಿ, ಮತ್ತೆ ಆಟಕ್ಕೆ ಹೋದವು. ಕೆಲವು ಎತ್ತಿಕೊಂಡರೂ ಕೊಸರಾಡಿದವು. ಇನ್ನು ಕೆಲವು ಅಮ್ಮನ ಕಡೆ ತಿರುಗಿಯೂ ನೋಡದೆ ಆಟಿಕೆ ಹಿಡಿದುಕೊಂಡು ಕೂತವು.

[ದೃಶ್ಯ: ಪುಟ್ಟ ಕೈಯಲ್ಲಿ ಮರದ ತುಂಡು. ಹಿನ್ನೆಲೆಯಲ್ಲಿ ಎದೆಬಡಿತ.]

"ಎಷ್ಟು ಜಾಣ ಮಗು, ಅಳೋದೇ ಇಲ್ಲ" ಅಂತ ನಾವು ಹೊಗಳುವುದು ಇಂಥ ಮಗುವನ್ನೇ. ಆದರೆ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 1970ರ ದಶಕದಲ್ಲಿ ಇಂಥ ಮಕ್ಕಳ ಎದೆಬಡಿತ ಅಳೆದಾಗ, ಮುಖ ಶಾಂತವಾಗಿದ್ದರೂ ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡೋಕೆ ಮನಸ್ಸಾಗಲಿಲ್ಲ.

ಹಾಗಂತ ಒಂದು ನಿಮಿಷ ತಡವಾದರೆ ಮಗು ಹಾಳಾಗುತ್ತದೆ ಅಂತ ಹೆದರಬೇಡಿ. 26 ಮನೆ ಅಂದರೆ ಸಣ್ಣ ಸಂಖ್ಯೆ. ಆ ಅಳುವಿನ ಲೆಕ್ಕವನ್ನು ಬೇರೆ ಸಂಶೋಧಕರು ಪ್ರಶ್ನಿಸಿದ್ದಾರೆ. ಸ್ವಲ್ಪ ಹೊತ್ತು ಅಳಲು ಬಿಟ್ಟಿದ್ದರಿಂದ ತಾಯಿ-ಮಗುವಿನ ನಂಟು ಕೆಟ್ಟಿದ್ದು ಕಾಣಲಿಲ್ಲ ಅಂತ ಬ್ರಿಟನ್ನಿನ ವಾರ್ವಿಕ್ ವಿಶ್ವವಿದ್ಯಾಲಯದವರು 2020ರಲ್ಲಿ ವರದಿ ಮಾಡಿದರು. ಸ್ನಾನಕ್ಕೆ ಹೋದ ತಾಯಿ, ಸುಸ್ತಾಗಿ ಎರಡು ನಿಮಿಷ ಕಣ್ಣು ಮುಚ್ಚಿದ ತಾಯಿ ತಪ್ಪಿತಸ್ಥೆ ಅಲ್ಲ.

ಆದರೆ ಅಕ್ಕನಂತೆ ಅರ್ಧ ಊಟದಲ್ಲಿ ಎದ್ದವಳನ್ನು ಯಾರೂ ಕೂರಿಸಬೇಡಿ. ಅವಳು ಉಣ್ಣಲಿ ಅನ್ನಿಸಿದರೆ, ನೀವೇ ಹೋಗಿ ಮಗುವನ್ನು ಎತ್ತಿಕೊಳ್ಳಿ.