ಮಾತ್ರೆಯ ಬಾಲ ನೋಡಿ ಮಾರಾಯ್ರೇ

ನಮಸ್ಕಾರ, ಬದಿಯಡ್ಕದಿಂದ ಮತ್ತೆ ನಾನೇ. ಕಳೆದ ವಿಡಿಯೋದ ಕೆಳಗೆ ಒಬ್ಬರು ಬರೆದಿದ್ದಾರೆ: "ಬಿಪಿಗೆ ಎರಡು ಕಂಪೆನಿಯ ಮಾತ್ರೆ ತಿಂದರೆ ಡಬಲ್ ಗುಣ." ಓದಿ ನನ್ನ ಬಿಪಿಯೇ ಏರಿತು.

ನಮ್ಮ ಅಪ್ಪಚ್ಚಿಯದ್ದೂ (ಚಿಕ್ಕಪ್ಪ) ಇದೇ ಲೆಕ್ಕ. ಮಂಗಳೂರಿನ ಡಾಕ್ಟ್ರು ಒಂದು ಬರೆದರು, ಕಾಸರಗೋಡಿನ ಡಾಕ್ಟ್ರು ಇನ್ನೊಂದು. ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸಲಿಲ್ಲ. ಎರಡನ್ನೂ ನುಂಗಿ ತೋಟಕ್ಕೆ ಇಳಿದವರು ತೋಡಿನ ಬದಿಯಲ್ಲಿ ತಲೆ ತಿರುಗಿ ಕೂತರು. ಸ್ಟ್ರಿಪ್ ತಿರುಗಿಸಿ ನೋಡಿದರೆ ಎರಡರಲ್ಲೂ ಒಂದೇ ಮದ್ದು, ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ!

ಅದಕ್ಕೇ ಹೇಳುವುದು, ಕಂಪೆನಿ ಇಟ್ಟ ಹೆಸರಲ್ಲ, ಒಳಗಿನ ಮದ್ದಿನ ಹೆಸರಿನ ಬಾಲ ನೋಡಿ. 'ಸಾರ್ಟಾನ್' ಅಂತ ಮುಗಿದರೆ ಒಂದೇ ಮನೆಯವರು: ಲೊಸಾರ್ಟಾನ್, ಟೆಲ್ಮಿಸಾರ್ಟಾನ್, ಓಲ್ಮೆಸಾರ್ಟಾನ್. 'ಪ್ರಿಲ್' ಅವರ ದಾಯಾದಿ: ಎನಾಲಾಪ್ರಿಲ್, ರಾಮಿಪ್ರಿಲ್. ಪ್ರಿಲ್ ಕೆಲವರಿಗೆ ಒಣ ಕೆಮ್ಮು ತರುತ್ತದೆ. ಆಗ ಡಾಕ್ಟ್ರು ಸಾರ್ಟಾನಿಗೆ ಬದಲಿಸುವುದುಂಟು. 'ಡಿಪಿನ್' ಬೇರೆಯೇ ಕುಲ. ಅಮ್ಲೊಡಿಪಿನ್‌ನಿಂದ ಕೆಲವರ ಪಾದ ಊದುತ್ತದೆ. ನಮ್ಮವರು ಅದಕ್ಕೆ 'ವಾಯು' ಅಂತ ಹೆಸರಿಟ್ಟು ಎಣ್ಣೆ ತಿಕ್ಕುತ್ತಾರೆ!

"ಸಾರ್ಟಾನ್ ಎಲ್ಲಾ ಒಂದೇ ಆದರೆ ಆರಿಸುವುದು ಯಾಕೆ?" ಅಣ್ಣತಮ್ಮಂದಿರು ಅಂದರೆ ಅವಳಿ ಅಲ್ಲವಲ್ಲ. ಟೆಲ್ಮಿಸಾರ್ಟಾನ್ ಮೈಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ, ದಿನಕ್ಕೆ ಒಂದು ಹೊತ್ತು ಸಾಕು. ಲೊಸಾರ್ಟಾನ್ ಬೇಗ ಇಳಿಯುತ್ತದೆ, ಕೆಲವರಿಗೆ ಎರಡು ಹೊತ್ತು ಕೊಡುತ್ತಾರೆ. ಆದರೆ ಜಾಸ್ತಿಯಾದರೆ ಗಂಟು ನೋವು ತರುವ ಯೂರಿಕ್ ಆಸಿಡ್ ತಗ್ಗಿಸುವ ಗುಣ ಅದಕ್ಕಿದೆ. ಆರಿಸುವುದು ಡಾಕ್ಟ್ರು, ಪಕ್ಕದ ಮನೆಯ ಭಾವ ಅಲ್ಲ.

ಇನ್ನು ಡಬಲ್ ಗುಣದವರಿಗೆ. 2008ರಲ್ಲಿ, ಪ್ರಿಲ್-ಸಾರ್ಟಾನ್ ಒಟ್ಟಿಗೂ ಕೊಟ್ಟು ನೋಡಿದ ಆನ್‌ಟಾರ್ಗೆಟ್ ಅಧ್ಯಯನದ ಫಲಿತಾಂಶ ಬಂತು. 25,000ಕ್ಕೂ ಜಾಸ್ತಿ ಜನ ಇದ್ದರು. ಕೆಲವರಿಗೆ ರಾಮಿಪ್ರಿಲ್, ಕೆಲವರಿಗೆ ಟೆಲ್ಮಿಸಾರ್ಟಾನ್, ಕೆಲವರಿಗೆ ಎರಡೂ. ಎರಡೂ ತಿಂದವರಿಗೆ ಲಾಭ ಜಾಸ್ತಿ ಆಗಲಿಲ್ಲ. ಬಿಪಿ ತೀರಾ ಇಳಿಯುವುದು, ಕಿಡ್ನಿಯ ತೊಂದರೆ ಜಾಸ್ತಿ ಆಯಿತು. ಸಾಕಾ?

"ನಮ್ಮ ಅಜ್ಜ ಮಾತ್ರೆ ಮುಟ್ಟದೆ ತೊಂಬತ್ತು ಬದುಕಿದರು." ಒಳ್ಳೇದು. ಅಜ್ಜನ ಬಿಪಿ ಅಳೆದವರು ಯಾರು?

ಬಾಲ ನೋಡಿ. ಜನೌಷಧಿಯಲ್ಲಿ ತಂದರೂ ಬಾಲ ನೋಡಿ, ತಲಪಾಡಿ ಗಡಿ ದಾಟಿ ಹೋಗಿ ತಂದರೂ ಬಾಲ ನೋಡಿ! ಡಾಕ್ಟ್ರ ಹತ್ತಿರ ಹೋಗುವಾಗ ಮನೆಯಲ್ಲಿರುವ ಸ್ಟ್ರಿಪ್ ಎಲ್ಲಾ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಬಾಲ ನೋಡದವರು ಸಬ್‌ಸ್ಕ್ರೈಬ್ ಮಾಡದಿದ್ದರೂ ಬೇಜಾರಿಲ್ಲ.

ಅಗೋ, ಅಪ್ಪಚ್ಚಿ ಊಟಕ್ಕೆ ಕರೆಯುತ್ತಿದ್ದಾರೆ. ಉಪ್ಪುಸೊಳೆ (ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ) ಪಲ್ಯ ಅಂತೆ. ನೀರಲ್ಲಿ ಹಾಕಿ ಉಪ್ಪು ಬಿಡಿಸಿದ್ದಾರೋ ಇಲ್ಲವೋ, ನೋಡಿ ಬರುತ್ತೇನೆ.