ಕುಶಾಲನಗರ ಟು ಹ್ಯಾಂಬರ್ಗ್: ಕಾಫಿ ಮೀಟಿಂಗ್, ಮೀನಿನ ಬನ್, ಬೆಳ್ಳಂಬೆಳಗ್ಗೆ ಬ್ಯಾಂಡ್

ನಮಸ್ಕಾರ ಎಲ್ರಿಗೂ. ಈ ಸಲ ಮಾಂದಲಪಟ್ಟಿ ಇಲ್ಲ, ದುಬಾರೆ ಇಲ್ಲ, ಹೋಮ್‌ಸ್ಟೇ ರಿವ್ಯೂನೂ ಇಲ್ಲ, ಸೀದಾ ಜರ್ಮನಿಯ ಹ್ಯಾಂಬರ್ಗ್. ಟೂರ್ ಅಂತ ಅಂದ್ಕೋಬೇಡಿ, ಆಫೀಸ್ ಕೆಲ್ಸ. ಚಾನೆಲ್‌ಗೆ ಹೊಸಬರಾದ್ರೆ ಒಂದ್ ಮಾತು ಹೇಳ್ಬಿಡ್ತೀನಿ, ನಾನು ಕುಶಾಲನಗರದಲ್ಲಿ ಒಂದು ಕಾಫಿ ಎಕ್ಸ್‌ಪೋರ್ಟ್ ಆಫೀಸಲ್ಲಿ ಇರೋದು, ಯಾವ ತೋಟದ ಕಾಫಿ ಯಾವ ಲಾಟ್‌ಗೆ ಹೋಯ್ತು ಅಂತ ಲೆಕ್ಕ ಇಡೋದೇ ನನ್ನ ಕೆಲ್ಸ. ಜೊತೆಗೆ ಬಂದಿರೋದು ನಮಗೆ ಕಾಫಿ ಕೊಡೋ ಸಿದ್ದಾಪುರ ಕಡೆಯ ಪ್ಲಾಂಟರ್ ಅಂಕಲ್, ಮುಖ ತೋರಿಸ್ಬೇಡ ಅಂತ ಮೊದ್ಲೇ ಹೇಳಿದ್ರು, ಅದಕ್ಕೆ ವಿಡಿಯೋ ಪೂರ್ತಿ ಅವರ ಬೆನ್ನು ಮತ್ತೆ ಟೊಪ್ಪಿ ಮಾತ್ರ ಕಾಣುತ್ತೆ.

ಫ್ಲೈಟ್ ಭಾಗ ಪೂರ್ತಿ ಕಟ್ ಮಾಡಿದ್ದೀನಿ. ಬೆಂಗಳೂರಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಟ್ರೈನು, ಕಿಟಕಿ ಹೊರಗೆ ಗಾಳಿಯಂತ್ರ, ಹೊಲ, ಮತ್ತೆ ಗಾಳಿಯಂತ್ರ. ಸೆಪ್ಟೆಂಬರ್, ಊರಲ್ಲಿ ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ, ಹಣ್ಣು ಕುಯ್ಯೋಕೆ ಶುರು ಆಗಿಲ್ಲ, ಕಾಫಿಯವ್ರಿಗೆ ಹೊರಗೆ ಹೋಗೋಕೆ ಅಂತ ಇರೋದು ಇದೇ ಟೈಮು. ಇಳಿದ್ರೆ ಇಲ್ಲೂ ಜಿಟಿಜಿಟಿ ಮಳೆ. ಅಂಕಲ್ ಛತ್ರಿ ಬಿಚ್ಚಿ "ಇದಕ್ಕೆ ಇಷ್ಟ್ ದೂರ ಬರ್ಬೇಕಿತ್ತಾ ಮಾರಾಯ್ತಿ" ಅಂದ್ರು, ಅದು ರೆಕಾರ್ಡ್ ಆಗಿದೆ, ಕೇಳಿಸ್ಕೊಳ್ಳಿ.

ಈಗ ಬೈಯರ್‌ಗಳ ಜೊತೆ ಮೀಟಿಂಗ್. ಒಳಗೆ ಕ್ಯಾಮೆರಾ ಬಿಡಲಿಲ್ಲ, ಟೇಬಲ್ ಫೋಟೋ ಒಂದೇ ಇದೆ. ಸಾಲಾಗಿ ಬಟ್ಟಲು, ಪುಡಿ ಮೇಲೆ ಬಿಸಿನೀರು, ಮೇಲೆ ಕಟ್ಟಿದ ಕೆನೆಯನ್ನ ಚಮಚದಲ್ಲಿ ಒಡೆದು, ಮೂಸಿ, ಆಮೇಲೆ ಸೊರ್ರ್ ಅಂತ ಜೋರಾಗಿ ಎಳ್ಕೊಂಡು, ಉಗಿದು, ಮುಂದಿನ ಬಟ್ಟಲು. ಇದೇ ಕಪ್ಪಿಂಗ್, ಕಾಫಿ ರುಚಿ ಪರೀಕ್ಷೆ ಮಾಡೋ ಕ್ರಮ. ಸೂಟ್ ಹಾಕಿರೋ ದೊಡ್ಡ ದೊಡ್ಡ ಮನುಷ್ಯರು ಅಷ್ಟು ಸದ್ದು ಮಾಡ್ಕೊಂಡು ಕುಡಿಯೋದು ನೋಡಿದ್ರೆ ಯಾವ ಅಜ್ಜಿಯೂ ಸುಮ್ನೆ ಬಿಡ್ತಿರಲಿಲ್ಲ. ನಮ್ಮ ರೋಬಸ್ಟಾ ಪಾರ್ಚ್‌ಮೆಂಟ್, ಅಂದ್ರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ, ಇಷ್ಟ ಆಯ್ತು, ಚೆರಿ, ಅಂದ್ರೆ ಹಣ್ಣನ್ನ ಹಾಗೇ ಒಣಗಿಸಿದ್ದು, ಅದರ ಸ್ಯಾಂಪಲ್ ಒಂದರ ಬಗ್ಗೆ ಪ್ರಶ್ನೆ ಬಂತು, ಅದು ನಡೆಯೋದೇ. ಆದ್ರೆ ನಿಜವಾದ ತಲೆನೋವು ರುಚಿ ಅಲ್ಲ, ಕಾಗದ.

ಯುರೋಪಿಯನ್ ಯೂನಿಯನ್ 2023ರಲ್ಲಿ ಒಂದು ಕಾನೂನು ಮಾಡಿದೆ. 2020 ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್, ಮರ, ಸೋಯಾ, ಪಾಮ್ ಎಣ್ಣೆ, ದನದ ಮಾಂಸ ಇದ್ಯಾವುದನ್ನೂ ಅವರ ಮಾರ್ಕೆಟ್ಟಲ್ಲಿ ಮಾರೋ ಹಾಗಿಲ್ಲ. ಜಾರಿ ತಾರೀಕು ಮುಂದಕ್ಕೆ ಹೋಗ್ತಾ ಬಂದಿದೆ, ಆದ್ರೆ ಬೈಯರ್‌ಗಳು ಈಗ್ಲೇ ಮ್ಯಾಪ್ ಕೇಳ್ತಾರೆ. ನಾಲ್ಕು ಹೆಕ್ಟೇರ್ ಒಳಗಿನ ತೋಟ, ಅಂದ್ರೆ ಹೆಚ್ಚುಕಮ್ಮಿ ಹತ್ತು ಎಕರೆ ಒಳಗೆ ಆದ್ರೆ ಒಂದು ಜಿಪಿಎಸ್ ಪಾಯಿಂಟ್ ಸಾಕು, ಅದಕ್ಕಿಂತ ದೊಡ್ಡದಾದ್ರೆ ಸುತ್ತ ಬೇಲಿಯ ಗಡಿ ಪೂರ್ತಿ ಹಾಕಿ ಕೊಡ್ಬೇಕು. ಕೇಳೋಕೆ ಸುಲಭ. ಈಗ ನಮ್ಮ ತೋಟಗಳನ್ನ ಆಕಾಶದಿಂದ ನೋಡಿ, ಈ ಡ್ರೋನ್ ಶಾಟ್ ಹಳೇದು, ಅಂಕಲ್ ತೋಟದ್ದೇ. ಸಿಲ್ವರ್ ಓಕ್, ಬೀಟೆ, ಹಲಸು, ಅತ್ತಿ, ಅದರ ಮೇಲೆ ಮೆಣಸಿನ ಬಳ್ಳಿ, ಇಷ್ಟೆಲ್ಲದರ ಅಡಿಯಲ್ಲಿ ಕಾಫಿ. ಮೇಲಿಂದ ನೋಡಿದ್ರೆ ಕಾಡೇ. ಬ್ರೆಜಿಲ್‌ನಲ್ಲಿ ಬಿಸಿಲಲ್ಲಿ ಬೋಳು ಬೋಳಾಗಿ ಬೆಳೆಯೋ ತೋಟ ಸ್ಯಾಟಲೈಟ್‌ಗೆ ತೋಟ ಅಂತ ಕಾಣುತ್ತೆ, ಮರ ಉಳಿಸ್ಕೊಂಡಿರೋ ನಮ್ಮದು ಕಾಡು ಅಂತ ಕಾಣುತ್ತೆ, ಆಮೇಲೆ ನೀವು ಕಾಡಲ್ಲಿ ಕಾಫಿ ಯಾಕೆ ಬೆಳೀತೀರಾ ಅಂತ ನಮ್ಮನ್ನೇ ಕೇಳ್ತಾರೆ. ಮರ ಉಳಿಸಿದವನೇ ಜಾಸ್ತಿ ಪುರಾವೆ ಕೊಡ್ಬೇಕು ಅನ್ನೋದು ನನಗಂತೂ ಅನ್ಯಾಯ ಅನ್ಸುತ್ತೆ.

ಇದರ ಮೇಲೆ ಜಮ್ಮಾ ಜಾಗ, ಅಂದ್ರೆ ಕೊಡಗಲ್ಲಿ ಮನೆತನಕ್ಕೆ ಒಟ್ಟಿಗೆ ತಲೆಮಾರಿಂದ ಬಂದಿರೋ ಜಮೀನು. ಆರ್‌ಟಿಸಿಯಲ್ಲಿ ಪಟ್ಟೆದಾರ ಅಂತ ಹಿಂದಿನ ಕಾಲದವರ ಹೆಸರು, ಕೆಳಗೆ ಇಡೀ ಒಕ್ಕದ, ಅಂದ್ರೆ ಮನೆತನದವರ ಪಾಲು, ಅನುಭವದಲ್ಲಿ ಇರೋರು ಬೇರೆ ಬೇರೆ ಮನೆಯವರು. ಇದನ್ನ ನಾನು ಇಂಗ್ಲಿಷಲ್ಲಿ ಬೋರ್ಡ್ ಮೇಲೆ ವಂಶವೃಕ್ಷ ಬರೆದು ವಿವರಿಸಿದೆ, ಎದುರಿಗಿದ್ದ ಮೇಡಂ ಪೆನ್ ಕೆಳಗಿಟ್ಟು "ಹಾಗಾದ್ರೆ ಓನರ್ ಯಾರು" ಅಂತ ಕೇಳಿದ್ರು. ಅಂಕಲ್ ಇದಕ್ಕೆ ಕಾಯ್ತಾ ಇದ್ರು ಅನ್ಸುತ್ತೆ, "ಅದು ಗೊತ್ತಾಗಿದ್ರೆ ನಮ್ಮ ಕೋರ್ಟಲ್ಲಿ ಅಷ್ಟು ಕೇಸ್ ಇರ್ತಿರಲಿಲ್ಲ" ಅಂದ್ರು. ಎಲ್ರೂ ನಕ್ಕರು, ಮಧ್ಯಾಹ್ನದ ಮೇಲೆ ಕೆಲ್ಸ ಸಲೀಸಾಯ್ತು.

ಮೀಟಿಂಗ್ ಬಿಟ್ಟ ಮೇಲೆ ನಡ್ಕೊಂಡೇ ಹೋಗಿದ್ದು ಈ ಕೆಂಪು ಇಟ್ಟಿಗೆ ಕೇರಿಗೆ, ಶ್ಪೈಖರ್‌ಸ್ಟಾಟ್. ಎರಡೂ ಕಡೆ ಆರೇಳು ಮಹಡಿ ಗೋದಾಮು, ನಡುವೆ ಕಾಲುವೆ. ಬಾಗಿಲು ನೀರಿನ ಕಡೆಗೂ ಇದೆ ರಸ್ತೆ ಕಡೆಗೂ ಇದೆ, ಯಾಕಂದ್ರೆ ದೋಣಿಯಲ್ಲಿ ಬಂದ ಚೀಲಾನ ಆ ಮೇಲೆ ಕಾಣ್ತಿರೋ ರಾಟೆಯಲ್ಲಿ ಎತ್ತಿ ಸೀದಾ ಮಹಡಿಗೆ ಎಳ್ಕೋತಿದ್ರು. 1883ರಲ್ಲಿ ಶುರು ಮಾಡಿ 1927ರ ತನಕ ಕಟ್ಟಿದ್ದು, ಎಲ್ಲಾ ಮರದ ಕಂಬ ಹೊಡೆದು ಅದರ ಮೇಲೆ. ಕಾಫಿ, ಟೀ, ಕೋಕೋ, ಮಸಾಲೆ ಎಲ್ಲಾ ಇಲ್ಲಿ ಸುಂಕ ಇಲ್ದೆ ಇಟ್ಕೋಬಹುದಿತ್ತು. ಕಾಫಿ ವ್ಯಾಪಾರಕ್ಕೇ ಅಂತ 1887ರಲ್ಲಿ ಎಕ್ಸ್‌ಚೇಂಜ್ ಇಲ್ಲಿ ಶುರುವಾಗಿತ್ತು. ಇದನ್ನ ಕಟ್ಟೋಕೆ ಅಂತ ಇಲ್ಲಿದ್ದ ಸುಮಾರು 20,000 ಜನರನ್ನ ಎಬ್ಬಿಸಿದ್ರು, ಫೋಟೋ ತೆಗೆಯೋವಾಗ ಅದು ಯಾರಿಗೂ ನೆನಪಾಗಲ್ಲ ಬಿಡಿ. 2015ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಈಗ ಕಾಫಿ ಚೀಲ ಇಲ್ಲಿಗೆ ಬರಲ್ಲ, ಎಲ್ಲಾ ಕಂಟೈನರ್. ಅರವತ್ತು ಕೆಜಿ ಚೀಲ ಮುನ್ನೂರಿಪ್ಪತ್ತು ಹಾಕಿದ್ರೆ ಇಪ್ಪತ್ತಡಿ ಕಂಟೈನರ್ ಒಂದು, ಹತ್ತೊಂಬತ್ತು ಟನ್ ಚಿಲ್ಲರೆ, ಇದು ನನಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತೆ.

ಹೊಟ್ಟೆ ಹಸಿದಿತ್ತು. ಇದು ಕರಿವುರ್ಸ್ಟ್, ಹಂದಿ ಸಾಸೇಜನ್ನ ತುಂಡು ಮಾಡಿ, ಮೇಲೆ ಟೊಮೆಟೋ ಸಾಸ್, ಅದರ ಮೇಲೆ ಕರಿ ಪೌಡರ್, ಜೊತೆಗೆ ಆಲೂ ಫ್ರೈಸ್, ಮರದ ಪುಟಾಣಿ ಫೋರ್ಕು. ಕೂರೋಕೆ ಜಾಗ ಇಲ್ಲ, ಎದೆ ಎತ್ತರದ ಟೇಬಲ್, ಎಲ್ರೂ ನಿಂತ್ಕೊಂಡೇ ತಿನ್ನೋದು. ಪಂದಿ ಕರಿ ತಿಂದು ಬೆಳೆದವ್ರಿಗೆ ಈ ಕರಿ ಪೌಡರ್ ಏನೂ ಅಲ್ಲ, ಆದ್ರೆ ಚಳಿಯಲ್ಲಿ ಬಿಸಿಬಿಸಿ ಹಂದಿ ಮಾಂಸ ಯಾವತ್ತೂ ಬೇಡ ಅನ್ಸಲ್ಲ. ರಾತ್ರಿಗೆ ಡೋನರ್. ರೊಟ್ಟಿ ಒಳಗೆ ಕುಯ್ದ ಮಾಂಸ, ಕೋಸು, ಈರುಳ್ಳಿ, ಬೆಳ್ಳುಳ್ಳಿ ಸಾಸ್. 1961ರಲ್ಲಿ ಜರ್ಮನಿ ಟರ್ಕಿ ಜೊತೆ ಒಪ್ಪಂದ ಮಾಡ್ಕೊಂಡು ಕೆಲ್ಸಕ್ಕೆ ಜನ ಕರೆಸ್ತು, ಅವರ ಜೊತೆ ಬಂದ ಊಟ ಇವತ್ತು ಪ್ರತಿ ಬೀದಿಯಲ್ಲಿದೆ. ನನ್ನ ವೋಟ್ ಡೋನರ್‌ಗೆ. ಒಂದು ಟಿಪ್ಸ್: ನೀರಿನ ಬಾಟಲ್ ಎಸೀಬೇಡಿ, ಅದರ ಮೇಲೆ 25 ಸೆಂಟ್ಸ್ ಡೆಪಾಸಿಟ್ ಇದೆ, ಅಂಗಡಿಯ ಮೆಷಿನ್‌ಗೆ ಹಾಕಿದ್ರೆ ವಾಪಸ್ ಬರುತ್ತೆ. ಅಂಕಲ್ ಎರಡನೇ ದಿನದಿಂದ ನನ್ನ ಬಾಟಲೂ ಇಸ್ಕೊಳ್ತಿದ್ರು.

ಇದು ಎಲ್ಬ್‌ಫಿಲ್ಹಾರ್ಮೊನಿ, ಸಂಗೀತ ಕಛೇರಿ ನಡೆಯೋ ಕಟ್ಟಡ. ಕೆಳಗಿನ ಇಟ್ಟಿಗೆ ಭಾಗ ಕೋಕೋ, ಟೀ, ತಂಬಾಕು ಇಡ್ತಿದ್ದ ಹಳೇ ಗೋದಾಮು, ಅದರ ತಲೆ ಮೇಲೆ ಗಾಜಿನ ಕಟ್ಟಡ, ಒಟ್ಟು 110 ಮೀಟರ್, 2017 ಜನವರಿಯಲ್ಲಿ ಓಪನ್ ಆಗಿದ್ದು. ಮೇಲೆ 2,100 ಸೀಟಿನ ಹಾಲ್. ಕನ್ಸರ್ಟ್ ಟಿಕೆಟ್ ನಮಗೆ ಸಿಗಲಿಲ್ಲ, ಆದ್ರೆ 37 ಮೀಟರ್ ಎತ್ತರದ ಪ್ಲಾಜಾ ತನಕ ಕನ್ಸರ್ಟ್ ಟಿಕೆಟ್ ಇಲ್ದೆನೂ ಹೋಗ್ಬಹುದು, ಬಾಗಿದ ಎಸ್ಕಲೇಟರ್ ಮೇಲೆ, ಮೇಲಿನ ತುದಿ ಕೆಳಗಿಂದ ಕಾಣಲ್ಲ. ಮೇಲೆ ನಿಂತ್ರೆ ಇಡೀ ಬಂದರು.

ಕನ್ಸರ್ಟ್ ತಪ್ಪಿದ್ದಕ್ಕೆ ಬೇಜಾರಾಗಲಿಲ್ಲ, ಯಾಕಂದ್ರೆ ಅವತ್ತು ರಾತ್ರಿ ಒಂಬತ್ತಕ್ಕೆ ಸೇಂಟ್ ಮಿಖಾಯೆಲಿಸ್ ಚರ್ಚ್ ಕೆಳಗೆ ನಿಂತಿದ್ವಿ. 132 ಮೀಟರ್ ಗೋಪುರ, ಅದರ ಮೇಲಿಂದ ಒಬ್ಬರು ಟ್ರಂಪೆಟ್ ಊದ್ತಾರೆ, ನಾಲ್ಕೂ ದಿಕ್ಕಿಗೆ ಒಂದೊಂದು ಸಲ, ವಾರದ ದಿನ ಬೆಳಗ್ಗೆ ಹತ್ತಕ್ಕೆ ಮತ್ತೆ ರಾತ್ರಿ ಒಂಬತ್ತಕ್ಕೆ, ಮುನ್ನೂರು ವರ್ಷದಿಂದ ನಡ್ಕೊಂಡು ಬಂದಿದೆ. ಮೈಕಿಲ್ಲ, ಸ್ಪೀಕರಿಲ್ಲ. ಟ್ರಾಫಿಕ್ ಸದ್ದಲ್ಲಿ ಅರ್ಧ ಕೇಳಿಸಲ್ಲ, ನಮ್ಮ ದಿಕ್ಕಿಗೆ ತಿರುಗಿದಾಗ ಮಾತ್ರ ಸ್ಪಷ್ಟ. ಸೌಂಡ್ ಸ್ವಲ್ಪ ಜಾಸ್ತಿ ಮಾಡ್ಕೊಳ್ಳಿ, ಈಗ ಬರುತ್ತೆ.

ಶನಿವಾರ ಪೂರ್ತಿ ಫ್ರೀ. ದುಡ್ಡು ಕೊಟ್ಟು ಹಾರ್ಬರ್ ಟೂರ್ ತಗೋಬೇಡಿ ಅನ್ನೋದು ನನ್ನ ಅಭಿಪ್ರಾಯ. ಲಾಂಡುಂಗ್ಸ್‌ಬ್ರೂಕನ್‌ನಿಂದ 62ನೇ ನಂಬರ್ ಫೆರ್ರಿ ಹತ್ತಿ, ಬಸ್ಸು ಮೆಟ್ರೋಗೆ ತಗೊಂಡ ಡೇ ಟಿಕೆಟ್ಟೇ ಸಾಕು, ಫಿಂಕನ್‌ವೆರ್ಡರ್ ತನಕ ಹೋಗಿ ವಾಪಸ್ ಬನ್ನಿ. ಕಂಟೈನರ್ ಹಡಗುಗಳ ಪಕ್ಕದಲ್ಲೇ ಹೋಗುತ್ತೆ, ಆ ಕ್ರೇನ್ ಎತ್ತರ ನೋಡಿ, ಕೆಳಗೆ ನಮ್ಮ ಫೆರ್ರಿ ಏನೇನೂ ಅಲ್ಲ. ವಾಪಸ್ ಬಂದು ಹಳೇ ಎಲ್ಬ್ ಸುರಂಗಕ್ಕೆ ಇಳಿದ್ವಿ. 1911ರದ್ದು, ನದಿ ಅಡಿಯಲ್ಲಿ 24 ಮೀಟರ್ ಆಳ, 426 ಮೀಟರ್ ಉದ್ದ, ಆಚೆ ದಡದ ಹಡಗು ಕಟ್ಟೋ ಜಾಗಕ್ಕೆ ಕಾರ್ಮಿಕರು ಹೋಗ್ಲಿ ಅಂತ ಮಾಡಿದ್ದು. ಗೋಡೆ ಟೈಲ್ಸ್ ಮೇಲೆ ಮೀನು, ಇಲಿ, ಹಳೇ ಬೂಟು ಎಲ್ಲಾ ಕೆತ್ತಿದ್ದಾರೆ.

ಅಂಕಲ್ ಸುರಂಗದ ಮಧ್ಯೆ ನಿಂತು ಹೇಳಿದ್ದು ನನಗೆ ಸರಿ ಅನ್ನಿಸ್ತು: ಈ ಊರಲ್ಲಿ ನಾವು ನೋಡಿದ್ದು ತಿಂದಿದ್ದು ಯಾವುದೂ ಟೂರಿಸ್ಟಿಗೆ ಅಂತ ಶುರುವಾಗಿದ್ದಲ್ಲ. ಗೋದಾಮು, ಫೆರ್ರಿ, ಸುರಂಗ, ನಿಂತು ತಿನ್ನೋ ಊಟ, ಎಲ್ಲಾ ಕೆಲ್ಸದವ್ರಿಗೆ ಅಂತ ಆಗಿದ್ದು, ಇವತ್ತೂ ಅರ್ಧ ಕೆಲ್ಸಕ್ಕೇ ಇದೆ, ನಾವು ಪಕ್ಕದಲ್ಲಿ ನಿಂತು ನೋಡ್ತೀವಿ ಅಷ್ಟೇ. ನಮ್ ಕಡೆಗೂ ಟೂರಿಸ್ಟು ಬರೋದು ಕೆಲ್ಸದ ಜಾಗಕ್ಕೇನೇ, ತೋಟಕ್ಕೆ. ಆದ್ರೆ ಕಣದಲ್ಲಿ ಒಣಗೋಕೆ ಹಾಕಿದ ಚೆರಿ ಮೇಲೆ ಶೂ ಹಾಕ್ಕೊಂಡು ನಿಂತು ರೀಲ್ಸ್ ಮಾಡಿ ಹೋಗ್ತಾರೆ, ಆ ಹಣ್ಣು ಆಮೇಲೆ ಏನಾಗುತ್ತೆ ಅಂತ ಒಬ್ರೂ ಕೇಳಲ್ಲ, ನಾವೂ ತೋರಿಸಲ್ಲ, ಕ್ಯಾಂಪ್‌ಫೈರ್ ಹಾಕಿ ಕೂರಿಸ್ತೀವಿ. ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸೋ ಕ್ಯೂರಿಂಗ್ ವರ್ಕ್ಸ್ ಒಳಗೆ ಒಂದು ರೌಂಡ್ ಹೊಡೆಸಿದ್ರೆ ಕ್ಯಾಂಪ್‌ಫೈರ್‌ಗಿಂತ ಎಷ್ಟೋ ಚೆನ್ನಾಗಿರುತ್ತೆ. ಹೋಮ್‌ಸ್ಟೇಯವ್ರು ಬೈಕೊಳ್ಳಿ ಪರವಾಗಿಲ್ಲ.

ಸಂಜೆ ಸ್ಯಾಂಕ್ಟ್ ಪೌಲಿ ಅನ್ನೋ ಏರಿಯಾ. ಹಿಂದೆ ಹಡಗಿಗೆ ಹಗ್ಗ ಹೊಸೆಯೋ ಜಾಗ, ಆಮೇಲೆ ದಡಕ್ಕೆ ಬಂದ ನಾವಿಕರ ಮೋಜಿನ ಬೀದಿ. ಈ ಬೀದಿ ಬೇರೆ ಕಾರಣಕ್ಕೂ ಫೇಮಸ್ಸು, ಅಮ್ಮ ಈ ವಿಡಿಯೋ ನೋಡ್ತಾರೆ, ಮುಂದಕ್ಕೆ ಹೋಗೋಣ. ಗ್ರೋಸೆ ಫ್ರೈಹೈಟ್ ಅನ್ನೋ ಗಲ್ಲಿ ಇದು. 1960 ಆಗಸ್ಟ್‌ನಲ್ಲಿ ಲಿವರ್‌ಪೂಲ್‌ನಿಂದ ಐದು ಹುಡುಗ್ರು ಬಂದು ಇಂದ್ರಾ ಕ್ಲಬ್‌ನಲ್ಲಿ ನುಡಿಸೋಕೆ ಶುರು ಮಾಡಿದ್ರು, ಬೀಟಲ್ಸ್. ರಾತ್ರಿ ಗಂಟೆಗಟ್ಟಲೆ ಹಾಡೋದು, ಮಲಗೋದು ಒಂದು ಸಿನಿಮಾ ಥಿಯೇಟರಿನ ಹಿಂದಿನ ಕೋಣೆಯಲ್ಲಿ, ಜಾರ್ಜ್ ಹ್ಯಾರಿಸನ್‌ಗೆ ಆಗ ಹದಿನೇಳು ವರ್ಷ, ವಯಸ್ಸು ಸಾಲ್ದು ಅಂತ ಆ ನವೆಂಬರ್‌ನಲ್ಲಿ ದೇಶದಿಂದಲೇ ವಾಪಸ್ ಕಳಿಸಿದ್ರು. ಈ ಕಂಬಿಯಲ್ಲಿ ಮಾಡಿರೋ ಆಕೃತಿಗಳು ಅವರದ್ದೇ, ಈ ಚೌಕದ ಹೆಸರೇ ಬೀಟಲ್ಸ್ ಪ್ಲಾಟ್ಸ್. ನಾವು ಹೋಗಿದ್ದು ಒಂದು ನೆಲಮಾಳಿಗೆ ಕ್ಲಬ್‌ಗೆ, ಲೋಕಲ್ ಬ್ಯಾಂಡು, ಹಾಡು ಒಂದೂ ಅರ್ಥ ಆಗಲಿಲ್ಲ, ಡ್ರಮ್ಮರ್ ಹುಡುಗಿ ಭಯಂಕರ. ಮೂರನೇ ಹಾಡಿಗೆ ಅಂಕಲ್ ಕಿವಿಗೆ ಹತ್ತಿ ಇಟ್ಕೊಂಡ್ರು, ಆದ್ರೆ ಎದ್ದು ಹೋಗಲಿಲ್ಲ.

ಭಾನುವಾರ ಬೆಳಗ್ಗೆ ಐದು ಗಂಟೆ, ಇನ್ನೂ ಕತ್ಲೆ, ಮೀನು ಮಾರ್ಕೆಟ್. 1703ರಿಂದ ನಡೀತಿದೆ, ಚರ್ಚ್ ಶುರುವಾಗೋ ಮೊದ್ಲು ಮಾರಿ ಮುಗಿಸ್ಲಿ ಅಂತ ಇಷ್ಟು ಬೇಗ, ಒಂಬತ್ತೂವರೆಗೆ ಬಂದ್. ಅರ್ಧ ಜನ ಆಗ ತಾನೆ ಎದ್ದು ಬಂದಿರೋರು, ಅರ್ಧ ಜನ ರಾತ್ರಿಯಿಂದ ಮಲಗೇ ಇಲ್ದಿರೋರು, ಅದೇ ಈ ಜಾಗದ ಮಜಾ. ಲಾರಿ ಮೇಲೆ ನಿಂತು ಒಬ್ಬ ಹೊಗೆ ಹಾಕಿದ ಈಲ್ ಮೀನು ಬೀಸ್ಕೊಂಡು ಕೂಗ್ತಾನೆ, ಇನ್ನೊಬ್ಬ ಬುಟ್ಟಿ ಬುಟ್ಟಿ ಹಣ್ಣು ಮಾರ್ತಾನೆ. ಇದು ಫಿಶ್‌ಬ್ರೋಟ್ಶನ್, ಗರಿಗರಿ ಬನ್ ಸೀಳಿ ಒಳಗೆ ಮೀನು, ಹಸಿ ಈರುಳ್ಳಿ, ಉಪ್ಪಿನಕಾಯಿ ಸೌತೆ. ಕರಿದ ಮೀನಿಂದೂ ಸಿಗುತ್ತೆ, ನಾನು ತಗೊಂಡಿದ್ದು ವಿನೆಗರಲ್ಲಿ ನೆನೆಸಿದ ಹೆರಿಂಗ್, ಬಿಸ್ಮಾರ್ಕ್ ಅಂತಾರೆ. ಬೇಯಿಸಿಲ್ಲ ಅಂತ ಹಿಂಜರೀತಿದ್ದೆ, ಅಂಕಲ್ ಒಂದು ತುತ್ತು ತಿಂದು "ಕಾಚಂಪುಳಿ ಹಾಕಿದ ಹಾಗೇ ಉಂಟಲ್ಲ" ಅಂದ್ರು, ಅದೇ ನಮ್ಮ ಕೊಡಗಿನ ಕಪ್ಪು ಹುಳಿ, ಆಮೇಲೆ ಇನ್ನೊಂದು ತರೋಕೆ ಹೋದ್ರು.

ಪಕ್ಕದಲ್ಲೇ ಹರಾಜು ಹಾಲ್, 1896ರದ್ದು, ಕಬ್ಬಿಣ ಮತ್ತೆ ಗಾಜು. ಈಗ ಇಲ್ಲಿ ಮೀನಿನ ಹರಾಜು ಇಲ್ಲ, ಭಾನುವಾರ ಬೆಳಗ್ಗೆ ರಾಕ್ ಬ್ಯಾಂಡ್. ಒಂದ್ ಕೈಯಲ್ಲಿ ಮೀನಿನ ಬನ್ನು ಇನ್ನೊಂದ್ ಕೈಯಲ್ಲಿ ಬಿಯರ್ ಹಿಡಿದು ಅಜ್ಜ ಅಜ್ಜಿ ಎಲ್ಲಾ ಕುಣೀತಿದ್ದಾರೆ. ಎಲ್ಬ್‌ಫಿಲ್ಹಾರ್ಮೊನಿ ಒಳಗೆ ಹೇಗಿರುತ್ತೋ ಏನೋ, ಇಷ್ಟು ಖುಷಿ ಅಲ್ಲಿ ಇರೋಕೆ ಸಾಧ್ಯ ಇಲ್ಲ ಅಂತ ನಾನು ಬೆಟ್ ಕಟ್ತೀನಿ. ಈಗ ಸ್ಕ್ರೀನ್ ಬಲಗಡೆ ನೋಡಿ, ಆ ಟೊಪ್ಪಿ. ಹೌದು, ಅಂಕಲ್. ಎರಡೂ ಕೈ ಮೇಲೆತ್ತಿ, ಮದುವೆ ಮನೆಯ ವಾಲಗಕ್ಕೆ ಹಾಕೋ ಸ್ಟೆಪ್ಪನ್ನೇ ರಾಕ್ ಬೀಟಿಗೆ ಹಾಕ್ತಿದ್ದಾರೆ, ಹಿಂದೆ ನಾಲ್ಕು ಜನ ಜರ್ಮನ್ನರು ನೋಡಿ ಕಲೀತಿದ್ದಾರೆ, ಅದರಲ್ಲಿ ಹಸಿರು ಜಾಕೆಟ್ ಹಾಕಿರೋರು ಸಕತ್ತಾಗಿ ಹಿಡ್ಕೊಂಡ್ರು. ಈ ಕ್ಲಿಪ್ ಹಾಕೋಕೆ ಪರ್ಮಿಷನ್ ತಗೊಂಡಿದ್ದೀನಿ, ಒಂದು ಷರತ್ತಿನ ಮೇಲೆ: ಅವರ ಮನೆಯ ವಾಟ್ಸಾಪ್ ಗ್ರೂಪಿಗೆ ಯಾರೂ ಕಳಿಸ್ಬಾರ್ದಂತೆ. ಸಿದ್ದಾಪುರದವ್ರು ದಯವಿಟ್ಟು ಗಮನಿಸಿ.

ಕೆಲ್ಸದ ಮೇಲೆ ಹೋಗೋರಿಗೆ ಕೊನೇದಾಗಿ, ವಾಪಸ್ ಟಿಕೆಟ್ಟನ್ನ ಭಾನುವಾರ ಮಧ್ಯಾಹ್ನದ ಮೇಲೆ ಹಾಕಿಸ್ಕೊಳ್ಳಿ, ಶನಿವಾರ ಹೊರಟ್ರೆ ಮೀನು ಮಾರ್ಕೆಟ್ ತಪ್ಪುತ್ತೆ. ನವೆಂಬರಿಂದ ಮಾರ್ಚ್ ತನಕ ಅದು ಏಳಕ್ಕೆ ಶುರು. ಚಾಕೊಲೇಟ್ ಗೀಕೊಲೇಟ್ ಶನಿವಾರವೇ ತಗೊಂಡಿಡಿ, ಭಾನುವಾರ ಅಂಗಡಿ ಬಾಗ್ಲು ಹಾಕಿರುತ್ತೆ. ಮುಂದಿನ ವಿಡಿಯೋ ಹಣ್ಣು ಕುಯ್ಯೋ ಟೈಮಲ್ಲಿ, ಅಂಕಲ್ ತೋಟದಿಂದಾನೇ. ಜಿಪಿಎಸ್ ಹಿಡ್ಕೊಂಡು ಬೇಲಿ ಸುತ್ತೋದು ಬಾಕಿ ಇದೆ, ಗಂಬೂಟು ಇರೋರು ಯಾರಾದ್ರೂ ಬರೋದಾದ್ರೆ ಬನ್ನಿ, ಊಟ ಅಂಕಲ್ ಮನೇಲಿ.