ಬೀಗ ತೆಗೆದರೆ ಸಾಲದು: ಕಾರ್ನ್‌ವಾಲ್ ಗಣಿಗಳ ಕಥೆ

ಪೇಟೆಂಟ್ ಇಲ್ಲದಿದ್ದರೆ ಯಾರೂ ಹೊಸದನ್ನು ಕಂಡುಹಿಡಿಯುವುದಿಲ್ಲ ಅನ್ನುವವರಿದ್ದಾರೆ. ಪೇಟೆಂಟ್ ಕಿತ್ತುಹಾಕಿ, ಎಲ್ಲ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಯಾಕೆ ಅಂದರೆ, ಇಂಗ್ಲೆಂಡಿನ ಕಾರ್ನ್‌ವಾಲ್.

ಅಲ್ಲಿ ತಾಮ್ರ, ತವರದ ಗಣಿಗಳು. ಇಳಿದಷ್ಟೂ ನೀರು. ನೀರೆತ್ತಲು ಉಗಿಯಂತ್ರ ಬೇಕು, ಅದಕ್ಕೆ ಕಲ್ಲಿದ್ದಲು ಬೇಕು, ಆದರೆ ಕಾರ್ನ್‌ವಾಲ್‌ನಲ್ಲಿ ಕಲ್ಲಿದ್ದಲೇ ಇಲ್ಲ, ವೇಲ್ಸ್‌ನಿಂದ ಹಡಗಿನಲ್ಲಿ ತರಿಸಬೇಕು. ಹಾಗಾಗಿ ಇದ್ದಲು ಉಳಿಸುವ ಜೇಮ್ಸ್ ವಾಟ್ ಯಂತ್ರ ಅವರಿಗೆ ಬೇಕೇ ಬೇಕಿತ್ತು. ವಾಟ್‌ಗೆ 1769ರಲ್ಲಿ ಪೇಟೆಂಟ್ ಸಿಕ್ಕಿತು, 1775ರಲ್ಲಿ ಪಾರ್ಲಿಮೆಂಟ್ ಅದನ್ನು 1800ರವರೆಗೆ ಎಳೆಯಿತು. ಹಳೆಯ ಯಂತ್ರಕ್ಕಿಂತ ಎಷ್ಟು ಇದ್ದಲು ಉಳಿಯಿತೋ ಅದರ ಬೆಲೆಯಲ್ಲಿ ಮೂರನೇ ಒಂದು ಪಾಲು ವಾಟ್‌ಗೂ ಪಾಲುದಾರ ಬೌಲ್ಟನ್‌ಗೂ. ಅದು ನ್ಯಾಯವೇ ಬಿಡಿ, ದುಡಿದವನಿಗೆ ಸಿಗಬೇಕು. ನನ್ನ ಸಿಟ್ಟು ಬೇರೆ ಕಡೆ. ಜೊನಾಥನ್ ಹಾರ್ನ್‌ಬ್ಲೋವರ್ ಎಂಬ ಎಂಜಿನಿಯರ್ ಎರಡು ಸಿಲಿಂಡರಿನ ಉಗಿಯಂತ್ರ ಮಾಡಿದ. ವಾಟ್‌ನ ಪೇಟೆಂಟ್ ಎಷ್ಟು ಅಗಲವಾಗಿತ್ತೆಂದರೆ ಆ ಯಂತ್ರವನ್ನು ಬೆಳೆಸಲು ಹಾರ್ನ್‌ಬ್ಲೋವರ್‌ಗೆ ಜಾಗವೇ ಉಳಿಯಲಿಲ್ಲ.

1800ರಲ್ಲಿ ಪೇಟೆಂಟ್ ಮುಗಿಯಿತು. ಆಮೇಲೆ? ಏನೂ ಆಗಲಿಲ್ಲ! ವಾಟ್ ಕಂಪನಿಯವರು ಹೊರಟುಹೋದರು, ನೋಡಿಕೊಳ್ಳುವವರಿಲ್ಲದೆ ಯಂತ್ರಗಳ ಕೆಲಸ ಇನ್ನೂ ಕೆಟ್ಟಿತು.

ಕಥೆ ತಿರುಗಿದ್ದು 1811ರಲ್ಲಿ. ಜೋಯೆಲ್ ಲೀನ್ ಎಂಬ ಗಣಿ ಮೇಲ್ವಿಚಾರಕ ತಿಂಗಳಿಗೊಮ್ಮೆ ಒಂದು ವರದಿ ಶುರುಮಾಡಿದ. ಯಾವ ಗಣಿಯ ಯಂತ್ರ, ಅದರ ಅಳತೆ ಏನು, ಒಂದು ಬುಷೆಲ್ (ಆಗ ಇದ್ದಲು ಅಳೆಯುತ್ತಿದ್ದ ಅಳತೆ) ಇದ್ದಲಿಗೆ ಎಷ್ಟು ನೀರೆತ್ತಿತು, ಎಲ್ಲವೂ ಹೆಸರು ಸಮೇತ. ಪಕ್ಕದ ಗಣಿಯ ಲೆಕ್ಕ ಕಣ್ಣೆದುರಿಗಿದ್ದರೆ ಯಾವ ಎಂಜಿನಿಯರ್ ಸುಮ್ನೆ ಕೂರುತ್ತಾನೆ? ರಿಚರ್ಡ್ ಟ್ರೆವಿಥಿಕ್ ಎಂಬ ಅಲ್ಲಿನ ಎಂಜಿನಿಯರ್ 1812ರಲ್ಲಿ ಕಟ್ಟಿದ ಹೊಸ ಯಂತ್ರಕ್ಕೆ ಪೇಟೆಂಟೇ ತೆಗೆಸಲಿಲ್ಲ. 1840ರ ದಶಕದ ಹೊತ್ತಿಗೆ ಅದೇ ಇದ್ದಲಿನಲ್ಲಿ ನಡೆಯುವ ಕೆಲಸ ಸರಾಸರಿ ಮೂರು ಪಟ್ಟಿಗಿಂತ ಜಾಸ್ತಿಯಾಗಿತ್ತು. ಅರ್ಥಶಾಸ್ತ್ರಜ್ಞ ಅಲೆಸ್ಸಾಂಡ್ರೊ ನುವೊಲಾರಿ ಇದನ್ನು ಕೂಡಿ ಮಾಡಿದ ಆವಿಷ್ಕಾರ ಎಂದು ನೋಡುತ್ತಾರೆ. ಹಣ ಹಾಕಿದವರಿಗೆ ಹಲವು ಗಣಿಗಳಲ್ಲಿ ಪಾಲಿತ್ತು, ಒಂದರ ಗುಟ್ಟು ಇನ್ನೊಂದಕ್ಕೆ ಹೋದರೆ ಅವರಿಗೆ ಲಾಭವೇ ಅಲ್ವಾ? ಮುಂದೆ ನಮ್ಮ ಕೋಲಾರದ ಚಿನ್ನದ ಗಣಿಗೂ ಇದೇ ಕಾರ್ನ್‌ವಾಲ್‌ನ ಗಣಿಗಾರರು ಬಂದರು.

ಔಷಧಕ್ಕೆ ಈ ಕಥೆ ಹಾಗೇ ಒಪ್ಪುವುದಿಲ್ಲ, ಗೊತ್ತು. ಅಲ್ಲಿ ಕಂಡುಹಿಡಿಯುವವನ ಖರ್ಚು ದೊಡ್ಡದು, ನಕಲು ಮಾಡುವುದು ಸುಲಭ. ಆದರೂ ಪೇಟೆಂಟ್ ಬೇಕೋ ಬೇಡವೋ ಎಂದು ಜಗಳವಾಡುವಾಗ ಲೀನ್ ಮಾಡಿದ ಕೆಲಸವನ್ನು ಯಾರೂ ಎತ್ತುವುದಿಲ್ಲ. ನನಗೆ ಬೇಜಾರು ಅದೇ. ಲೀನ್ 1812ರಲ್ಲೇ ತೀರಿಕೊಂಡ. ವರದಿ ನಿಲ್ಲಲಿಲ್ಲ, ಮಕ್ಕಳು ಮುಂದುವರಿಸಿದರು, 1904ರವರೆಗೂ ಅದು ಬರುತ್ತಲೇ ಇತ್ತು.